ಎರಡು ನೀಲಿ, ಒಂದು ಕೆಂಪು

...ಆಯ್ತು ಬಿಡು, ನಾನು ಆ ವಿಷಯ ಎತ್ತೋದಿಲ್ಲ. ನೀನೂ ಎತ್ಬೇಡ. ತಿನ್ನು ಏವ್ರಿಲ್, ಆ ಒಣರೊಟ್ಟಿ ಟೊಮೇಟೊ ರಸದಲ್ಲಿ ನೆಂದು ಮುದ್ದೆ ಆಗೋಕೆ ಮುಂಚೆ ತಿನ್ನು. ಬೆಳಗಿನ ಜಾವ ಮ್ಯಾಂಚೆಸ್ಟರಲ್ಲಿ ಒಂದು ಬಿಸ್ಕತ್ತು ಕಡ್ದಿದ್ದು ಬಿಟ್ರೆ ನಿನ್ನ ಹೊಟ್ಟೆಗೆ ಏನೂ ಬಿದ್ದಿಲ್ಲ. ದೋಣಿ ಬರೋಕೆ ಇನ್ನೂ ಅರ್ಧ ಗಂಟೆ ಇದೆ. ನೋಡು, ಎದುರಿಗೇ ನಮ್ಮ ದ್ವೀಪ, ತೆಲೆಂಡೋಸ್. ಕೈ ಚಾಚಿದ್ರೆ ಸಿಗೋ ಹಾಗಿದೆ. ಮನೆಯೊಡತಿ ಸೆವಸ್ತಿ ಆಗ್ಲೇ ನಮ್ಮ ಕೋಣೆ ಕಿಟಕಿ ತೆಗೆದಿಟ್ಟಿದಾಳೆ, ಕಾಣ್ತಿದೆಯಾ? ಇಲ್ವಾ? ಕನ್ನಡಕ ಹಾಕ್ಕೊಂಡು ನೋಡು.

ಹೋಗ್ಲಿ ಬಿಡು. ಹತ್ತಿರ ಹೋದ್ಮೇಲೆ ನೋಡ್ತೀಯಂತೆ.

ಸೆವಸ್ತಿಗೆ ಬಸ್ಸಲ್ಲೇ ಮೆಸೇಜ್ ಮಾಡ್ಬಿಟ್ಟೆ, ಮೂರನೇ ಮಂಚ ತೆಗೆಸ್ಬಿಡು ಅಂತ. ಯಾಕೆ ಹಾಗೆ ನೋಡ್ತೀಯ? ಇರೋದೇ ಅಷ್ಟಗಲ ಕೋಣೆ. ಖಾಲಿ ಮಂಚ ಇಟ್ಕೊಂಡ್ರೆ ರಾತ್ರಿ ಎದ್ದಾಗ ಕಾಲಿಗೆ ತಡೆಯುತ್ತೆ. ಅದಕ್ಕೆ ಹೇಳ್ದೆ, ಬೇರೆ ಏನಿಲ್ಲ.

ಫೋನ್ ಕೆಳಗಿಡೇ. ಅವಳದ್ದೇ ತಾನೆ? ಏನಂತೆ? ಮನೆ ತಲುಪಿದ್ಲಂತಾ? ಬೇಡ, ಓದ್ಬೇಡ, ನಂಗೊತ್ತು. 'ನೀವಿಬ್ರೂ ಖುಷಿಯಾಗಿರಿ, ನನ್ನ ಚಿಂತೆ ಬೇಡ' ಅಂತ ಬರೆದಿರ್ತಾಳೆ. ಫಿಲಿಪ್ಪಾ ಅಂದ್ರೆ ಅದೇ. ಬೈಯೋದಿಲ್ಲ, ಅಳೋದಿಲ್ಲ. ವಿಮಾನ ನಿಲ್ದಾಣದಲ್ಲಿ ಅಷ್ಟು ಜನರ ಮಧ್ಯೆ ಹುಲ್ಲಿನ ಟೋಪಿ ಕೈಲಿ ಹಿಡ್ಕೊಂಡು ನಿಂತ್ಕೊಂಡು ನಗ್ತಾ ಕೈ ಬೀಸಿದ್ಲಲ್ಲ! ನಾನಾಗಿದ್ರೆ ಆ ಕೌಂಟರಿನ ಮೇಲೆ ಹತ್ತಿ ಕೂತಿರ್ತಿದ್ದೆ. ಒಳ್ಳೆಯವಳು ಅನ್ನಿಸ್ಕೊಳ್ಳೋಕೂ ಒಂದು ತರಬೇತಿ ಬೇಕು. ಅದು ನಮ್ಮ ಓಲ್ಡಮ್ ಕಡೆಯವರಿಗೆ ಬರೋದಿಲ್ಲ.

ಗುರುವಾರದ ವಿಮಾನಕ್ಕೆ ಅವಳು ಬರ್ಲಿ ಅಂತೀಯಾ? ಇಲ್ಲ ಕಣೇ, ಗುರುವಾರದ್ದು ಪೂರ್ತಿ ಭರ್ತಿ. ನೋಡಿದೆ. ಯಾವಾಗ ಅಂದ್ರೆ... ಆಗ್ಲೇ ನೋಡಿದೆ, ನೀನು ಬಾತ್ರೂಮಿಗೆ ಹೋದಾಗ. ನಂಬಿಕೆ ಇಲ್ವಾ ನನ್ನ ಮೇಲೆ? ಹತ್ತೊಂಬತ್ತು ವರ್ಷದಿಂದ ನಿನ್ನ ಟಿಕೆಟ್ ಮಾಡ್ತಿರೋದು ಯಾರು?

ಹತ್ತೊಂಬತ್ತು ವರ್ಷ. ನಿನ್ನ ಗಂಡ ಡೆರಿಕ್ ನಿನ್ನನ್ನ ಬಿಟ್ಟು ಹೋದ ವರ್ಷ ಶುರುವಾಗಿದ್ದು. ನೀನು ಶಾಲೆಯ ಅಡಿಗೆಮನೇಲಿ ಆಲೂಗೆಡ್ಡೆ ಸುಲೀತಾ ಸುಲೀತಾ ಸಿಪ್ಪೆಯ ಮೇಲೆ ಕಣ್ಣೀರು ಹಾಕ್ತಿದ್ದೆ. ಆಗ ನಾನು ಹೇಳ್ದೆ, ನಡಿ, ಎಲ್ಲಾದ್ರೂ ಹೋಗೋಣ, ಬಿಸಿಲಿರೋ ಕಡೆ. ಟ್ರಾವೆಲ್ ಏಜೆಂಟ್ ಅಂಗಡೀಲಿ ಆ ಹುಡುಗ ಹೇಳಿದ ಬೆಲೆ ಕೇಳಿ ನೀನು ಕುರ್ಚಿ ಬಿಟ್ಟು ಎದ್ದೇ ಬಿಟ್ಟೆ. ಅಲ್ಲಿಂದ ಹಿಡಿದ ಹಟ ನನ್ನದು. ವಿಮಾನ ಬೇರೆ, ದೋಣಿ ಬೇರೆ, ಕೋಣೆ ಬೇರೆ, ಈ ಗ್ರೀಸಿಗೆ ಬರೋಕೆ ಎಲ್ಲ ನಾನೇ ಹುಡುಕಿ ಹೊಂದಿಸ್ದೆ. ಕೋಸ್‌ವರೆಗೆ ಹಾರೋದು, ಅಲ್ಲಿನ ಮಸ್ತಿಖಾರಿ ಬಂದರಿನಿಂದ ಈ ಕಲಿಮ್ನೋಸ್ ದ್ವೀಪಕ್ಕೆ ದೊಡ್ಡ ದೋಣಿ, ಇಲ್ಲಿಂದ ಆಚೆಗೆ ಈ ಪುಟ್ಟ ದೋಣಿ. ನಮ್ಮ ಬೀದೀಲಿ ಬೇರೆ ಯಾರಿಗೆ ಗೊತ್ತಿತ್ತು ಇದೆಲ್ಲ? ಪ್ರತಿ ಅಕ್ಟೋಬರ್, ಟಿಕೆಟ್ ಬಿಡೋ ದಿನ, ಬೆಳಗ್ಗೆ ಆರಕ್ಕೆ ಚಹಾ ಮಾಡ್ಕೊಂಡು ಕಂಪ್ಯೂಟರ್ ಮುಂದೆ ಕೂರ್ತಿದ್ದೆ. ಸಿಕ್ಕಿತು ಅಂದ ತಕ್ಷಣ ನಿನಗೆ ಫೋನು. ನೀನು ಹಲೋ ಅನ್ನೋ ಮುಂಚೆ ನಾನು 'ಜೂನ್ ನಾಲ್ಕು' ಅಂತಿದ್ದೆ. ನೀನು ಆ ಕಡೆ ಚೀರ್ತಿದ್ದೆ.

ನಗು ಬಂತು ನೋಡು. ಎರಡು ಸ್ವೆಟರ್ ಮೇಲೊಂದು ಕೋಟು ಹಾಕ್ಕೊಂಡು ಬೆವರ್ತಾ ವಿಮಾನ ಹತ್ತಿದ್ದು ನೆನಪಿದೆಯಾ? ಒಂದೇ ಚೀಲ, ಸೀಟಿನ ಕೆಳಗೆ ಹಿಡಿಸ್ಬೇಕು. ನಿನ್ನ ಕೋಟಿನ ಜೇಬಲ್ಲಿ ಎಂಬತ್ತು ಟೀ ಬ್ಯಾಗು!

ಹೋದ ಅಕ್ಟೋಬರಲ್ಲಿ ಮಾತ್ರ ನೀನು ಚೀರ್ಲಿಲ್ಲ. 'ನೊರೀನ್, ಮೂರು ತಗೊಳ್ತೀಯಾ?' ಅಂದೆ.

ನಾನು ಏನಾದ್ರೂ ಅಂದೆನಾ? ಒಂದು ಮಾತು? ಮೂರು ತಗೊಂಡೆ. ನಿನ್ನ ಹಾಡಿನ ಗುಂಪಿಗೆ ಎರಡು ವರ್ಷದ ಹಿಂದೆ ಬಂದವಳು, ಸರ್ರೇ ಕಡೆಯ ದೊಡ್ಡ ಮನೆ ಮಾರಿ ಬಂದವಳು, ಸರಿ, ಪಾಪ, ಗಂಡ ಸತ್ತಿದಾನೆ, ಬರ್ಲಿ. ನಾನೇನು ಕಲ್ಲಲ್ಲ. ಆದ್ರೆ ಬಂದವಳು ಬಂದ ಹಾಗೆ ಇರ್ಬೇಕು ತಾನೆ? ಗ್ರೀಕ್ ಭಾಷೆ ಕಲಿಯೋಕೆ ಶುರು ಮಾಡಿದ್ಲು. ಹತ್ತೊಂಬತ್ತು ವರ್ಷದಲ್ಲಿ ನಾವು ಕಲಿತಿದ್ದು ನಾಲ್ಕು ಮಾತು, ಅದ್ರಲ್ಲಿ ಎರಡು ವೈನಿಗೆ ಸಂಬಂಧಪಟ್ಟಿದ್ದು. ಅವಳು ನೋಡಿದ್ರೆ ಭೂತಕಾಲ, ಭವಿಷ್ಯತ್ಕಾಲ ಅಂತ ನಿನ್ನ ಮನೇಲೇ ಕೂತು ನಿನಗೂ ಹೇಳ್ಕೊಡ್ತಿದ್ಲು. ನಾನು ಬಂದ್ರೆ ಇಬ್ರೂ ಪುಸ್ತಕ ಮುಚ್ತಿದ್ರಿ.

ಮುಚ್ತಿದ್ರಿ. ನಾನು ನೋಡಿದೀನಿ.

ಆಮೇಲೆ ಆ ಸೀಟು. ಇಲ್ಲ, ಹೇಳ್ತೀನಿ, ಹೇಳ್ಬಿಡ್ತೀನಿ ಇವತ್ತು. ಸೀಟಿಗೆ ನಾವು ಯಾವತ್ತಾದ್ರೂ ದುಡ್ಡು ಕೊಟ್ಟಿದೀವಾ? ವಿಮಾನದವನು ಎಲ್ಲಿ ಕೂರಿಸ್ತಾನೋ ಅಲ್ಲಿ. ಒಂದು ವರ್ಷ ನೀನು ಮುಂದೆ, ನಾನು ಹಿಂದೆ, ಮಧ್ಯೆ ಇಪ್ಪತ್ತು ಸಾಲು, ಚಹಾದ ಗಾಡಿ ತಳ್ಳೋ ಹುಡುಗನ ಕೈಲಿ ಚೀಟಿ ಕಳಿಸ್ಕೊಂಡು ಬಂದ್ವಿ. ಎಷ್ಟು ನಕ್ಕಿದ್ವಿ. ಈ ಸಲ ಅವಳು ನನ್ನ ಹತ್ತಿರ ಬುಕಿಂಗ್ ನಂಬರ್ ಇಸ್ಕೊಂಡ್ಲು, 'ಸುಮ್ಮನೆ ಒಂದು ನೋಡ್ತೀನಿ' ಅಂತ. ಮಾರನೇ ದಿನ ತೆಗೆದು ನೋಡ್ತೀನಿ, ಹದಿನಾಲ್ಕನೇ ಸಾಲು, ಕಿಟಕಿ ಹತ್ರ ಅವಳು, ಪಕ್ಕದಲ್ಲಿ ನೀನು. ದುಡ್ಡು ಕೊಟ್ಟು ಹಿಡಿದಿದ್ದಾಳೆ. ಎರಡೇ. ನನಗೆ ಕೊನೆಗೆ ಸಿಕ್ಕಿದ್ದು ಇಪ್ಪತ್ತೇಳು, ಕಕ್ಕಸಿನ ಬಾಗಿಲ ಪಕ್ಕ. ಕೇಳಿದ್ರೆ 'ನೊರೀನ್, ನಿಮಗೆ ಇದೆಲ್ಲ ದುಂದು ಅನ್ನಿಸುತ್ತೆ ಅಂತ ಸೇರಿಸ್ಲಿಲ್ಲ' ಅಂದ್ಲು. ಎಷ್ಟು ಮೃದುವಾಗಿ ಅಂದ್ಲು ಗೊತ್ತಾ! ನಾನು ಅಡಿಗೆ ಮಾಡಿಟ್ರೆ, ಊಟಕ್ಕೆ ಬಂದವಳು ನನ್ನ ಎಲೆ ಎತ್ತಿ ಬಾಗಿಲ ಹೊರಗೆ ಹಾಕಿದ ಹಾಗೆ.

ನಿನಗೆ ಗೊತ್ತಿತ್ತಾ? ಸೀಟಿನ ವಿಷಯ? ಗೊತ್ತಿತ್ತು. ಸರಿ. ಗೊತ್ತಿದ್ದೂ ಸುಮ್ಮನಿದ್ದೆ.

ಹೊಟ್ಟೆಕಿಚ್ಚು ಅನ್ನು. ಅನ್ಕೋ. ಹೌದು, ಉರೀತು. ಅರವತ್ಮೂರು ವರ್ಷಕ್ಕೆ ಹೊಟ್ಟೆಕಿಚ್ಚು ಪಡೋದು ನಾಚಿಕೆಗೇಡು ಅಂತ ನಂಗೂ ಗೊತ್ತು. ಆದ್ರೆ ನನಗೆ ಬೇರೆ ಯಾರಿದಾರೆ ಏವ್ರಿಲ್? ಗಂಡ ಇಲ್ಲ, ಮಕ್ಕಳಿಲ್ಲ. ವರ್ಷದಲ್ಲಿ ಐವತ್ತೊಂದು ವಾರ ನಾನು ಬದುಕೋದೇ ಈ ಒಂದು ವಾರಕ್ಕೆ. ನಿನಗದು ರಜೆ. ನನಗೆ ಹಾಗಲ್ಲ.

ಏನು ನೋಡ್ತೀಯ? ಅಳ್ತಿಲ್ಲ ನಾನು, ಕಣ್ಣಿಗೆ ಬಿಸಿಲು.

ಅದಕ್ಕೂ ಇವತ್ತು ಆಗಿದ್ದಕ್ಕೂ ಸಂಬಂಧ ಇಲ್ಲ. ಅದನ್ನ ಸ್ಪಷ್ಟ ಮಾಡ್ಕೋ. ಅವಳ ಪಾಸ್‌ಪೋರ್ಟ್ ಅವಳ ಹಣೆಬರಹ. ಅವಳನ್ನ ಯಾಕೆ ವಿಮಾನ ಹತ್ತಿಸ್ಲಿಲ್ಲ ಅಂತ ಕೌಂಟರಿನ ಹುಡುಗಿ ಹೇಳಿದ್ದು ನೀನೂ ಕೇಳಿದೆಯಲ್ಲ. ಹಿಂದೆಲ್ಲ ಹೊಸದು ಮಾಡಿಸುವಾಗ ಹಳೇದ್ರಲ್ಲಿ ಉಳಿದ ತಿಂಗಳನ್ನೂ ಸೇರಿಸಿ ಕೊಡ್ತಿದ್ರು. ಹತ್ತು ವರ್ಷ ಎಂಟು ತಿಂಗಳು, ಒಂಬತ್ತು ತಿಂಗಳು ಅಂತ. ನಮ್ಮ ದೇಶ ಯುರೋಪಿನ ಒಕ್ಕೂಟ ಬಿಟ್ಟ ಮೇಲೆ ಈ ಯುರೋಪಿನವರು ಆ ಮೇಲಿನ ತಿಂಗಳನ್ನ ಲೆಕ್ಕಕ್ಕೇ ಹಿಡಿಯೋದಿಲ್ಲ. ಕೊಟ್ಟ ದಿನದಿಂದ ಹತ್ತು ವರ್ಷ, ಅಲ್ಲಿಗೆ ಮುಗೀತು. ಅವಳದ್ದು ಡಿಸೆಂಬರ್ ತನಕ ಇದೆ ಅಂತ ಅದರಲ್ಲೇ ಬರೆದಿದೆ, ನಿಜ. ಆದ್ರೆ ಏಪ್ರಿಲಿಗೇ ಹತ್ತು ವರ್ಷ ತುಂಬಿಹೋಗಿತ್ತು. ಯಾರು ನೋಡ್ತಾರೆ ಅದನ್ನ? ಎಲ್ಲರೂ ಮುಗಿಯೋ ದಿನ ನೋಡ್ತಾರೆ, ಕೊಟ್ಟ ದಿನ ಯಾರೂ ನೋಡೋದಿಲ್ಲ. ಅವಳ ಹಿಂದಿದ್ದ ಆ ರಾಚ್‌ಡೇಲ್ ಕುಟುಂಬಾನೂ ಅದೇ ಕಾರಣಕ್ಕೆ ವಾಪಸ್ ಹೋಯ್ತು. ಇಂಗ್ಲೆಂಡಿನ ಅರ್ಧ ಜನಕ್ಕೆ ಈ ನಿಯಮ ಗೊತ್ತಿಲ್ಲ. ನಂಗೂ ಗೊತ್ತಿರ್ಲಿಲ್ಲ. ಹತ್ತೊಂಬತ್ತು ವರ್ಷದಿಂದ ಟಿಕೆಟ್ ಮಾಡ್ತಿದೀನಿ, ಹೀಗೊಂದು ನಿಯಮ ಇದೆ ಅಂತ ಇವತ್ತು ಆ ಹುಡುಗಿ ಬಾಯಲ್ಲೇ ಮೊದಲು ಕೇಳಿದ್ದು.

ಹೌದು, ಮೂರೂ ಪಾಸ್‌ಪೋರ್ಟ್ ಫೆಬ್ರವರೀಲಿ ನನ್ನ ಹತ್ರಾನೇ ಇತ್ತು. ನಂಬರ್ ತುಂಬೋಕೆ. ನಂಬರ್ ನೋಡಿ ತುಂಬಿದೆ, ಅಷ್ಟೆ. ಅದಕ್ಕೇನೀಗ? ನೀನು ಹೀಗೆ ನೋಡ್ತಿದ್ರೆ ಕುಂಬಳಕಾಯಿ ಕಳ್ಳ ಅಂದ ಹಾಗಿದೆ, ನನ್ನ ಕೈ ತಾನಾಗೇ ಹೆಗಲಿಗೆ ಹೋಗುತ್ತೆ.

ಮೊಸರಲ್ಲಿ ಕಲ್ಲು ಹುಡುಕ್ಬೇಡ. ಆಗಿದ್ದಾಯ್ತು. ಹದಿನಾಲ್ಕನೇ ಸಾಲಿನ ಕಿಟಕಿ ಸೀಟು ಖಾಲಿ ಹೋಗೋದು ಬೇಡ ಅಂತ ನಾನು ಬಂದು ಕೂತೆ. ನಾಲ್ಕು ಗಂಟೆ ನೀನು ನನ್ನನ್ನ ದಾಟಿ ಹೊರಗೆ ಮೋಡ ನೋಡ್ತಾ ಇದ್ದೆ. ನಾನು ಏನಾದ್ರೂ ಅಂದೆನಾ?

ಏನು ಹುಡುಕ್ತಿದೀಯ ಚೀಲದಲ್ಲಿ? ಟೀ ಬ್ಯಾಗಾ? ಇಲ್ಲಿ ಬೇಡ, ಆಚೆಗೆ ಹೋಗಿ ಮಾಡ್ಕೊಳ್ಳೋಣ, ನಮ್ಮ ಮೆಟ್ಟಿಲ ಮೇಲೆ ಕೂತು...

ಪಾಸ್‌ಪೋರ್ಟ್ ಯಾಕೆ ತೆಗೆದೆ? ದೋಣಿಗೆ ಅದೆಲ್ಲ ಕೇಳೋದಿಲ್ಲ ಕಣೇ.

ಹೌದು, ನೀಲಿ. ಹೊಸದು. ಕೌಂಟರ್ ಮೇಲೆ ಮೂರೂ ಇಟ್ಟಾಗ ನಾನೂ ನೋಡಿದೆ, ಎರಡು ನೀಲಿ, ಒಂದು ಕೆಂಪು, ಅವಳ ಹಳೇದು. ಅದರಲ್ಲೇನಿದೆ? ನನ್ನದು ಹೋದ ವರ್ಷ ಮುಗಿದಿತ್ತು, ಮಾಡಿಸ್ದೆ. ನಿನ್ನದು... ಫೋಟೋ ಎಷ್ಟು ಚೆನ್ನಾಗಿ ಬಂದಿದೆ ನೋಡು. ಸೂಪರ್‌ಮಾರ್ಕೆಟ್ಟಿನ ಆ ಫೋಟೋ ತೆಗೆಯೋ ಗೂಡಲ್ಲಿ ಕೂತು ತೆಗೆಸಿದ್ದು. ನಗ್ಬೇಡ ಅಂದಷ್ಟೂ ನಗ್ತಿದ್ದೆ ನೀನು. ಮೂರು ಸಲ ತೆಗೆಸ್ಬೇಕಾಯ್ತು. ನಾನು ಹೊರಗೆ ನಿನ್ನ ಕೋಟು ಹಿಡ್ಕೊಂಡು ನಿಂತಿದ್ದೆ.

ಇತ್ತು. ಹಳೇದಕ್ಕೆ ಇನ್ನೂ ಟೈಮ್ ಇತ್ತು, ಇಲ್ಲ ಅಂದೋರ್ಯಾರು. ಮುಂದಿನ ಜನವರಿ ತನಕ ಇತ್ತು. ಫೋಟೋ ಕೆಟ್ಟದಾಗಿದೆ, ನಿನ್ನ ಹಾಗೆ ಕಾಣ್ತಿಲ್ಲ, ಕ್ಯೂನಲ್ಲಿ ನಿಲ್ಲಿಸಿ ಸತಾಯಿಸ್ತಾರೆ, ಈಗ್ಲೇ ಹೊಸದು ಮಾಡಿಸು ಅಂತ ಹೇಳ್ದೆ. ನಿಜವಾಗ್ಲೂ ಕೆಟ್ಟದಾಗಿತ್ತು. ನೀನೇ ಅಂದೆ, ಹೆಣದ ಹಾಗಿದೀನಿ ಅಂತ...

ಯಾವಾಗ ಅಂದ್ರೆ? ಫೆಬ್ರವರಿ ಇರ್ಬೇಕು. ಹೌದು. ಫೆಬ್ರವರೀಲೇ.

ನಿನ್ನದು ಕೊಟ್ಟ ದಿನ ನಂಗೆ ಹೇಗೆ ಗೊತ್ತಿರುತ್ತೆ?

ಏವ್ರಿಲ್.

ಬೈ, ಬೇಕಾದ್ರೆ ಆ ಗ್ಲಾಸು ತೆಗೆದು ಮುಖಕ್ಕೆ ಎರಚು. ಆ ಪಾಸ್‌ಪೋರ್ಟ್ ಹಾಗೆ ಬಿಡಿಸಿ ಹಿಡ್ಕೊಂಡು ಕೂತ್ಕೋಬೇಡ. ನೋಡು, ಹೇಳೋಣ ಅಂತಲೇ ಇದ್ದೆ. ದೇವರಾಣೆ. ನಿನ್ನದೂ ಅವಳದ್ದೂ ಪಕ್ಕಪಕ್ಕ ಇಟ್ಕೊಂಡು ನೋಡ್ತಿದ್ದೆ, ನಿನಗೆ ಮೊದಲು ಫೋನ್ ಮಾಡ್ದೆ, ಅವಳಿಗೆ ಸಂಜೆ ಮಾಡೋಣ ಅಂದ್ಕೊಂಡೆ. ಸಂಜೆ ಬುಕಿಂಗ್ ತೆಗೆದ್ರೆ ಆ ಸೀಟು. ಹದಿನಾಲ್ಕನೇ ಸಾಲು. ನಾಳೆ ಹೇಳ್ತೀನಿ ಅಂದ್ಕೊಂಡೆ. ನಾಳೆ ನಾಳೆ ಅಂತ ಮಾರ್ಚ್ ಹೋಯ್ತು. ಮೇ ತಿಂಗಳಲ್ಲಿ ಅವಳು ಆ ಟೋಪಿ ತಗೊಂಡು ಬಂದು ನನಗೆ ತೋರಿಸಿದ್ಲು, ಹಾಕ್ಕೊಂಡು, ತಿರುಗಿ ತಿರುಗಿ. 'ನಿಮ್ಮಿಂದಲೇ ನೊರೀನ್, ನಿಮ್ಮಿಂದಲೇ ನಾನು ಹೋಗ್ತಿರೋದು' ಅಂದ್ಲು. ಆಗಲೂ ಟೈಮಿತ್ತು. ನಾನು 'ಬಣ್ಣ ಒಪ್ಪುತ್ತೆ' ಅಂದೆ.

ಒಂದು ವಾರ, ಏವ್ರಿಲ್. ಒಂದೇ ಒಂದು ವಾರ ಮೊದಲಿನ ಹಾಗೆ ಇರ್ಲಿ ಅಂತ ಆಸೆಪಟ್ಟೆ.

ದೋಣಿ ಬಂತು. ನಮ್ಮ ದೋಣಿಯವನು ಪಾಂಟೆಲಿಸೇ ಇದಾನೆ ನೋಡು, ಕೂದಲು ಪೂರ್ತಿ ಬೆಳ್ಳಗಾಗಿದೆ, ಕೈ ಬೀಸ್ತಿದಾನೆ. ನಿಧಾನ, ಮೆಟ್ಟಿಲು ಜಾರುತ್ತೆ. ನನ್ನ ಚೀಲ ಮೇಜಿನ ಕೆಳಗಿದೆ, ತಗೊಂಡು ಬಂದೆ, ಒಂದು ನಿಮಿಷ. ಎಷ್ಟು ಜನ ಅಂತ ಕೇಳ್ತಿದಾನೆ. ನೀನೇ ಹೇಳು, ಅದೊಂದು ಗ್ರೀಕಲ್ಲಿ ನಿನಗೆ ಬರುತ್ತಲ್ಲ.

ಅದೇನು, ಒಂದು ಬೆರಳು?

ಅವನು ನಗ್ತಿದಾನೆ, ತಮಾಷೆ ಅಂದ್ಕೊಂಡಿದಾನೆ. ನನ್ನ ಕಡೆ ನೋಡ್ತಿದಾನೆ. ಇನ್ನೊಂದು ಬೆರಳು ಎತ್ತೇ ಏವ್ರಿಲ್. ಇಬ್ರು ಅಂತ ಹೇಳೇ.