ಡಿಸ್ಕ್ ಬ್ರೇಕ್ ಹಾಕಿಸಿದ ಜೀಪು ಖಾಲಿ ರಸ್ತೆಯಲ್ಲಿ ನಿಂತ ಬಗ್ಗೆ ಟೈಲರಮ್ಮನ ಹೇಳಿಕೆ

ಟೈಲರಮ್ಮ ಎಂದು ಎಲ್ಲರೂ ಕರೆಯುವ ನಾನು, ವಯಸ್ಸು 59 ವರ್ಷ, ಉದ್ಯೋಗ ಹೊಲಿಗೆ, ವಾಸ ಬಸ್ ನಿಲ್ದಾಣದ ಹಿಂದಿನ ಬೀದಿ, ಪಂಪ್ ರಿಪೇರಿ ಅಂಗಡಿಯ ಮಹಡಿ ಮನೆ, ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ಕೆಳಗಿನ ಅಂಗಡಿ ನನ್ನ ಯಜಮಾನರದು. ಅವರ ಬಳಿ ಒಂದು ಹಳೆಯ ಫೋರ್ ವೀಲ್ ಡ್ರೈವ್ ಜೀಪು ಇದೆ. ನಮ್ಮ ಮಗಳಿಗಿಂತ ಅದಕ್ಕೆ ವಯಸ್ಸು ಜಾಸ್ತಿ. ಮುದ್ದೂ ಸ್ವಲ್ಪ ಜಾಸ್ತಿಯೇ. ಅದರ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇತ್ತು. ನಾಲ್ಕು ವರ್ಷದ ಹಿಂದೆ ರಸ್ತೆಯಲ್ಲಿ ನಿಂತ ಮಳೆನೀರು ದಾಟುವಾಗ ಡ್ರಮ್ಮಿನೊಳಗೆ ನೀರು ಸೇರಿ, ಮುಂದಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಜೀಪು ಲಾಂಡ್ರಿಯವರ ಗೋಡೆಗೆ ಹೋಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ನನಗೆ ಮಾತ್ರ ಜೀವ ಬಾಯಿಗೆ ಬಂದಿತ್ತು. ನಿಲ್ಲಿಸಿದ ಕಡೆ ನಿಲ್ಲುವವರೆಗೂ ಈ ಗಾಡಿ ಹತ್ತುವುದಿಲ್ಲವೆಂದು ಹೇಳಿ ಅಲ್ಲೇ ಇಳಿದು ನಡೆದುಕೊಂಡು ಮನೆಗೆ ಹೋದೆನು.

ಅಂದಿನಿಂದ ಪ್ರತಿ ಭಾನುವಾರ ಮಗಳ ಮನೆಗೆ ನಾನು ಬಸ್ಸಿನಲ್ಲಿ, ಯಜಮಾನರು ಜೀಪಿನಲ್ಲಿ. ಅವರು ಮುಂದೆ ಹೋಗಬಹುದಿತ್ತು, ಹೋಗುತ್ತಿರಲಿಲ್ಲ. ನನ್ನ ಬಸ್ಸಿನ ಹಿಂದೆಯೇ ಬಂದು, ಬಸ್ ನಿಂತಲ್ಲೆಲ್ಲ ತಾವೂ ನಿಲ್ಲುತ್ತಿದ್ದರು. ಹಿಂದಿನ ಗಾಜಿನಲ್ಲಿ ನೋಡಿದರೆ ಅವರ ಪಕ್ಕದ ಸೀಟು ಖಾಲಿ, ಮುಖ ಊದಿಕೊಂಡಿರುತ್ತಿತ್ತು. ನನಗೆ ನಗುವೂ ಬರುತ್ತಿತ್ತು, ಪಾಪ ಎಂದೂ ಅನ್ನಿಸುತ್ತಿತ್ತು. ಬಸ್ಸಿಗೆ ಗುದ್ದಬಾರದೆಂದು ಅವರು ಪ್ರತಿ ನಿಲ್ದಾಣಕ್ಕೂ ಎರಡು ಲೈಟುಕಂಬ ದೂರವಿರುವಾಗಲೇ ಬ್ರೇಕ್ ತುಳಿಯಲು ಶುರುಮಾಡುತ್ತಿದ್ದರು.

ನನ್ನ ತಮ್ಮ ಮೆಕ್ಯಾನಿಕ್. ಕಳೆದ ತಿಂಗಳು ಅವನು ಯಜಮಾನರಿಗೆ, "ಭಾವ, ಅಕ್ಕನ್ನ ಗಾಡಿ ಹತ್ತಿಸ್ಬೇಕು ಅಂದ್ರೆ ಮುಂದಿನ ಎರಡು ಚಕ್ರಕ್ಕೆ ಡಿಸ್ಕ್ ಹಾಕ್ಸಿ. ಅದರಲ್ಲಿ ನೀರು ನಿಲ್ಲಲ್ಲ" ಎಂದು ಹೇಳಿದನು. ಡ್ರಮ್ ಬಿಚ್ಚಿ, ಹೊಸ ಬ್ರಾಕೆಟ್ ಕೂರಿಸಿ, ಡಿಸ್ಕನ್ನೂ ಅದನ್ನು ಎರಡು ಕಡೆಯಿಂದ ಅದುಮಿ ಹಿಡಿಯುವ ಕ್ಯಾಲಿಪರನ್ನೂ ಹಾಕಿದನು. ಆಮೇಲೆ ನೋಡಿದರೆ ಹಳೆಯ ರಿಮ್ ಕ್ಯಾಲಿಪರಿಗೆ ತಾಗುತ್ತಿತ್ತು. ಒಂದು ಇಂಚು ದೊಡ್ಡದನ್ನು ಹುಡುಕಿ ತಂದರು. ಪೆಡಲ್ ಒತ್ತಿದಾಗ ಚಕ್ರಗಳಿಗೆ ಬ್ರೇಕ್ ಆಯಿಲ್ ತಳ್ಳುವ ಹಳೆಯ ಮಾಸ್ಟರ್ ಸಿಲಿಂಡರ್ ಚೆನ್ನಾಗಿಯೇ ಇದೆ, ಅದನ್ನೇ ಇಟ್ಟುಕೊಳ್ಳೋಣವೆಂದು ಯಜಮಾನರು ಹಠ ಹಿಡಿದರು. ಅದು ಡ್ರಮ್ಮಿಗೆ ಮಾಡಿದ್ದು, ಕಾಲು ತೆಗೆದ ಮೇಲೂ ಡಿಸ್ಕನ್ನು ಹಿಡಿದುಕೊಂಡೇ ಇರುತ್ತದೆ ಎಂದು ತಮ್ಮ ಹೇಳಿ, ಅದನ್ನು ಬದಲಿಸಿ, ಪೆಡಲ್ ಹಗುರಾಗಲು ಬೂಸ್ಟರನ್ನೂ ಹಾಕಿದನು. ಭಾವ ಭಾವಮೈದುನ ಮೂರು ದಿನ ಮುಖ ತಿರುಗಿಸಿಕೊಂಡೇ ಕೆಲಸ ಮಾಡಿದರು. ಕೊನೆಗೆ ಬ್ರೇಕ್ ಪೈಪಿನ ಗಾಳಿ ತೆಗೆಯುವಾಗ ಸೀಟಿನಲ್ಲಿ ಕೂತು ಪೆಡಲ್ ಒತ್ತಿದವಳು ನಾನು. ಒತ್ತು ಎಂದಾಗ ಒತ್ತಿದೆ, ಹಿಡಿದುಕೋ ಎಂದಾಗ ಹಿಡಿದುಕೊಂಡೆ. ಮೊದಲು ಮೆತ್ತಗೆ ಕೆಳಗಿಳಿಯುತ್ತಿದ್ದ ಪೆಡಲ್ ಬರುಬರುತ್ತಾ ಕಾಲಿನಡಿ ಗಟ್ಟಿಯಾಯಿತು. ಭಾನುವಾರ ಜೀಪಿನಲ್ಲೇ ಬರುತ್ತೇನೆಂದು ನಾನಾಗಿಯೇ ಹೇಳಿದೆನು.

ಇಂದು ಬೆಳಿಗ್ಗೆ 9.20ಕ್ಕೆ ಹೊರಟೆವು. ನನ್ನ ಸೀಟನ್ನು ಯಜಮಾನರು ಒರೆಸಿ ಒರೆಸಿ ಫಳಫಳ ಮಾಡಿದ್ದರು. ಸುಮಾರು 9.35ಕ್ಕೆ ಶಾಲೆಯ ಎದುರಿನ ಬಸ್ ನಿಲ್ದಾಣ ಕಂಡಿತು. ನಮ್ಮ ಮುಂದೆ ಬಸ್ ಇರಲಿಲ್ಲ. ನಾನು ಅವರ ಪಕ್ಕದಲ್ಲೇ ಕೂತಿದ್ದೆ. ಆದರೂ ಎರಡು ಕಂಬ ಬಾಕಿಯಿರುವಾಗಲೇ ಅವರ ಕಾಲು ಅಭ್ಯಾಸಬಲದಿಂದ ಮೈಭಾರವನ್ನೆಲ್ಲ ಹಾಕಿ ಬ್ರೇಕ್ ತುಳಿಯಿತು. ಜೀಪು ಗಕ್ಕನೆ ನಿಂತಿತು. ಹಿಂದಿನಿಂದ ಬಂದ ಬ್ರೆಡ್ ವ್ಯಾನ್ ನಮಗೆ ತಗುಲಿ, ಅದರ ಎಡಗಡೆಯ ಹೆಡ್‌ಲೈಟ್ ಒಡೆಯಿತು. ಯಾರಿಗೂ ಗಾಯವಾಗಿರುವುದಿಲ್ಲ.

ವ್ಯಾನಿನ ಚಾಲಕನು ಇಳಿದು ಬಂದು, ಖಾಲಿ ರಸ್ತೆಯಲ್ಲಿ ಯಾರಿಗೆ ಬ್ರೇಕ್ ಹಾಕಿದಿರಿ ಎಂದು ಕೇಳಿದನು. ಯಜಮಾನರು ತಡವರಿಸಿ, ನಾಯಿ ಅಡ್ಡ ಬಂತು ಎಂದರು. ಠಾಣೆಯಲ್ಲೂ ಹಾಗೆಯೇ ಬರೆಸಿದ್ದಾರೆ. ಬಣ್ಣ ಕೇಳಿದ್ದಕ್ಕೆ ಕಂದು ಎಂದಿದ್ದಾರೆ. ಚಾಲಕನ ಮೇಲೆ ತಪ್ಪು ಹೊರಿಸುವ ಉದ್ದೇಶ ಅವರಿಗಿರಲಿಲ್ಲ. ಆಮೇಲೆ ಹೊರಗಿನ ಬೆಂಚಿನ ಮೇಲೆ ಕೂತು, ನನ್ನ ಮುಖ ನೋಡದೆ, "ಇನ್ಮೇಲೆ ಬಸ್ಸಲ್ಲೇ ಹೋಗ್ತೀಯಾ?" ಎಂದು ಕೇಳಿದರು. ಸುಳ್ಳು ಎಲ್ಲಿಂದ ಹುಟ್ಟಿತೆಂದು ನನಗೆ ಆಗಲೇ ತಿಳಿಯಿತು. ಎದ್ದು ಒಳಗೆ ಬಂದು ಇದನ್ನು ಬರೆಸುತ್ತಿದ್ದೇನೆ.

ನಾಯಿ ಬಂದಿರುವುದಿಲ್ಲ. ಕಂದು ಬಣ್ಣದ್ದೂ ಇಲ್ಲ, ಬೇರೆ ಬಣ್ಣದ್ದೂ ಇಲ್ಲ. ತಪ್ಪು ನಮ್ಮದೇ. ಒಡೆದ ದೀಪವನ್ನು ನಾವೇ ಹಾಕಿಸಿಕೊಡುತ್ತೇವೆ, ಚಾಲಕನೂ ಒಪ್ಪಿದ್ದಾನೆ. ಜೀಪು ನಿಂತಾಗ ಹೆದರಿಕೆಯಾಯಿತೇ ಎಂದು ಹೆಡ್ ಕಾನ್‌ಸ್ಟೆಬಲ್‌ರವರು ಕೇಳಿದ್ದಕ್ಕೆ, ಇಲ್ಲ, ಖುಷಿಯಾಯಿತು ಎಂದು ಹೇಳಿರುತ್ತೇನೆ. ಅದನ್ನೂ ಬರೆದುಕೊಳ್ಳಬೇಕಾಗಿ ಕೋರುತ್ತೇನೆ. ಗಾಡಿ ನಿಲ್ಲುವುದನ್ನು ಕಲಿತಾಯಿತು. ಯಜಮಾನರ ಕಾಲು ಇನ್ನೂ ಕಲಿಯಬೇಕು. ಕಲಿಯುವವರೆಗೆ "ಈಗ ಬೇಡ, ಈಗ ತುಳೀರಿ" ಎಂದು ಹೇಳಲು ಪಕ್ಕದಲ್ಲಿ ಒಬ್ಬರು ಇರಲೇಬೇಕು. ಆದ್ದರಿಂದ ಠಾಣೆಯಲ್ಲಿ ನಿಲ್ಲಿಸಿಕೊಂಡಿರುವ ಜೀಪನ್ನು ಬಿಟ್ಟುಕೊಟ್ಟರೆ ನಾವಿಬ್ಬರೂ ಅದರಲ್ಲೇ ಮಗಳ ಮನೆಗೆ ಹೋಗುತ್ತೇವೆ.

ಇದಿಷ್ಟೂ ನಾನು ಕಣ್ಣಾರೆ ಕಂಡದ್ದು, ನಾನೇ ಹೇಳಿ ಬರೆಸಿದ್ದು. ಓದಿಸಿ ಕೇಳಿದ್ದೇನೆ, ಸರಿಯಾಗಿದೆ. ಯಜಮಾನರಿಗೂ ಒಮ್ಮೆ ಗಟ್ಟಿಯಾಗಿ ಓದಿ ಹೇಳಬೇಕಾಗಿ ವಿನಂತಿ.

ಸ್ಥಳ: ಸಂಚಾರ ಪೊಲೀಸ್ ಠಾಣೆ
ದಿನಾಂಕ: 14ನೇ ತಾರೀಖು, ಭಾನುವಾರ
ಸಹಿ: ಟೈಲರಮ್ಮ