ತೆಕ್ಕಟ್ಟೆಯಲ್ಲಿ ಇಳಿದ ಓದುಗರು

ಕುಂದಾಪುರದಿಂದ ಹೊರಟ ಬಸ್ಸಿನಲ್ಲಿ ವಿನಯಾಳ ಕಿವಿ ನೆಟ್ಟಗಾಯಿತು. ಲೋಕವೇ ಹಾಳಾಗಿಹೋದ ಕಥೆಯಿರುವ, ಅವಳು ಅರ್ಧ ಓದಿಟ್ಟಿದ್ದ ಕಾದಂಬರಿಯ ಬಗ್ಗೆಯೇ ಹಿಂದಿನ ಸೀಟಿನ ಹೆಂಗಸರಿಬ್ಬರು ಮಾತಾಡುತ್ತಿದ್ದರು.

“ಕಡಲೇ ಬತ್ತಿ ಹೋಯ್ತಂಬ್ರ್ ಸರೋಜ! ಒಂದ್ ಬಂಗುಡೆಯೂ ಇಲ್ಲ. ಓದಿ ನಂಗ್ ಊಟವೇ ಸೇರ್ಲಿಲ್ಲ.”

“ನಂಗ್ ಲಾಯ್ಕ್ ಆಯ್ತ್ ಜಲಜಕ್ಕ. ನೆಂಟ್ರಿಲ್ಲ, ಅಡ್ಗಿ ಇಲ್ಲ, ಎಂತ ಆರಾಮ್!”

“ಗಂಡ ಉಳ್ಕಂಡನಲೆ?”

“ಹೌದ್, ಅದೊಂದೇ ಬೇಜಾರ್.”

“ಕಡಿಗ್ ಆ ಮಗಿನ್ ಕಥೆ ಓದಿ ಕಣ್ಣೀರ್ ಸುರ್ಸಿ ಮರ್ಕಿದೆ ಮಾರಾಯ್ತಿ.”

“ನಾನೂ ಮರ್ಕಿದೆ.”

ಅಷ್ಟರಲ್ಲಿ ಕಂಡಕ್ಟರ್ “ತೆಕ್ಕಟ್ಟೆ!” ಎಂದು ಕೂಗಿದ. ಇಬ್ಬರೂ ಇಳಿದರು. ವಿನಯಾಳಿಗೆ ತಡೆಯಲಾಗಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

“ಅಕ್ಕಾ, ಆ ಮಗು ಕಡಿಗ್ ಬದ್ಕತ್ತಾ?”

“ಬದ್ಕತ್ತ್!” ಎಂದಳು ಸರೋಜ.

“ಸಾಯ್ತ್!” ಎಂದಳು ಜಲಜ.

ಬಸ್ಸು ಹೊರಟಾಗ ಇಬ್ಬರೂ ರಸ್ತೆ ಬದಿಯಲ್ಲೇ ಜಗಳಕ್ಕೆ ನಿಂತಿದ್ದರು.