ಹಳಸಿದ ಪೆಟ್ರೋಲು

...ಅಲ್ಲ ಕಣೇ, ಅಡುಗೆ ಹಳಸಿದ ಹಾಗಲ್ಲ ಅದು. ಮೂಸಿ ನೋಡಿ ಚೆಲ್ಲೋಕಾಗಲ್ಲ. ಮೆಕ್ಯಾನಿಕ್ ಹೇಳಿದ್ದಿಷ್ಟೇ, "ಸರ್, ಟ್ಯಾಂಕಲ್ಲಿರೋ ಪೆಟ್ರೋಲಿಗೆ ವರ್ಷದ ಮೇಲಾಗಿದೆ, ಎಂಜಿನ್ನೇ ಓಡಿಲ್ಲ" ಅಂತ. ಅವನ ದನಿ ಸ್ವಲ್ಪ ಜೋರು. ಈ ವೇಟಿಂಗ್ ರೂಮಲ್ಲಿ ಕೂತಿರೋ ಎಲ್ಲರಿಗೂ ಕೇಳಿಸ್ತು. ನಿನಗೂ ಕೇಳಿಸಿದೆ. ಮುಖ ನೋಡಿದ್ರೆ ಗೊತ್ತಾಗುತ್ತೆ.

ಕಾಫಿ ಕುಡಿ. ಮೆಷೀನಿನದು, ಆದ್ರೂ ಬಿಸಿ ಇದೆ. ಬೇಡ್ವಾ... ಸರಿ, ಇಲ್ಲೇ ಇಟ್ಟಿರ್ತೀನಿ.

ನಿನಗೆ ಈ ಕಾರಿನ ಸ್ವಭಾವ ಗೊತ್ತಿಲ್ಲ. ಕೂತು ಇಳಿದಿದ್ದೀಯ ಅಷ್ಟೆ. ಇದು ಪ್ಲಗ್-ಇನ್ ಹೈಬ್ರಿಡ್ಡು. ಒಂದೇ ಕಾರಿನೊಳಗೆ ಎರಡು ಸಂಸಾರ. ಮನೇಲಿ ಗೋಡೆಗೆ ಸಿಕ್ಕಿಸಿ ಚಾರ್ಜ್ ಮಾಡಿದ್ರೆ ಐವತ್ತು ಕಿಲೋಮೀಟರ್ ತನಕ ಕರೆಂಟಲ್ಲೇ ಓಡುತ್ತೆ. ಅದು ಮುಗಿದ್ರೆ ತಾನಾಗೇ ಪೆಟ್ರೋಲ್ ಎಂಜಿನ್ ಶುರುವಾಗುತ್ತೆ. "ಸರ್, ಕರೆಂಟು ಮುಗಿದ್ರೆ ಪೆಟ್ರೋಲಿದೆ, ಪೆಟ್ರೋಲು ಮುಗಿದ್ರೆ ಕರೆಂಟಿದೆ, ನಿಮಗೆ ಚಿಂತೇನೇ ಇಲ್ಲ" ಅಂದಿದ್ದ ಷೋರೂಮಿನವನು. ಎರಡಕ್ಕೂ ಬೇರೆ ಬೇರೆ ಚಿಂತೆ ಇದೆ ಅಂತ ಹೇಳ್ಲಿಲ್ಲ. ಎಂಜಿನ್ ಓಡಲಿ ಬಿಡಲಿ, ಆಯಿಲ್ ವರ್ಷಕ್ಕೊಂದು ಸಲ ಬದಲಾಯಿಸಬೇಕು. ಬ್ಯಾಟರಿ ತಣ್ಣಗಿಡೋಕೆ ಬೇರೆ ಕೂಲೆಂಟು. ವೇಗ ಇಳಿಸೋ ಕೆಲಸವನ್ನ ಹೆಚ್ಚಾಗಿ ಮೋಟಾರೇ ಮಾಡೋದ್ರಿಂದ ಬ್ರೇಕಿಗೆ ಕೆಲಸವೇ ಇಲ್ಲ. ಕೆಲಸ ಇಲ್ಲದೆ ತುಕ್ಕು ಹಿಡಿಯುತ್ತೆ. ರಿಟೈರಾದ್ಮೇಲೆ ನನಗೆ ಹಿಡಿದ ಹಾಗೆ.

ನಗಲಿಲ್ಲ ನೀನು. ಮೊದಲೆಲ್ಲ ಇಂಥದ್ದಕ್ಕೆ ನಗ್ತಿದ್ದೆ.

ಪೆಟ್ರೋಲಿನ ಕಥೇನೂ ಅದೇ. ಉಪಯೋಗಿಸದೆ ಬಿಟ್ರೆ ಟ್ಯಾಂಕಲ್ಲೇ ಕೂತು ಕೆಡುತ್ತೆ. ಅದನ್ನ ಪೂರಾ ತೆಗೆದು, ಹೊಸದು ತುಂಬಿಸಿ, ಎಂಜಿನ್ ಓಡಿಸಿ ನೋಡಿ ಕೊಡ್ತಾನಂತೆ. ದೊಡ್ಡ ರೋಗವೇನಲ್ಲ.

ಯಾಕೆ ಹಾಗೆ ನೋಡ್ತೀಯ?

ಹೌದು. ವಾರ ಬಿಟ್ಟು ವಾರ, ಶನಿವಾರ, ಇದೇ ಕಾರಲ್ಲಿ ಮಗಳ ಊರಿಗೆ ಹೋಗಿ ಬರ್ತೀನಿ. ಹೌದು, ಆ ಊರು ನೂರೈವತ್ತು ಕಿಲೋಮೀಟರ್. ಹೌದು, ಈಗ ತಾನೇ ನಾನೇ ಐವತ್ತು ಅಂದೆ. ...ದಾರೀಲಿ ಚಾರ್ಜ್ ಮಾಡ್ಕೋತೀನಿ ಕಣೇ. ಹೆದ್ದಾರಿ ತುಂಬ ಚಾರ್ಜಿಂಗ್ ಸ್ಟೇಷನ್ ಬಂದಿವೆ ಈಗ. ನಿಲ್ಲಿಸೋದು, ಸಿಕ್ಕಿಸೋದು, ಕೂರೋದು, ಹೊರಡೋದು.

ಎಷ್ಟು ಹೊತ್ತು ಕೂರೋದು ಅಂತ ತಾನೆ? ಬಾಯಿ ಬಿಟ್ಟು ಕೇಳು. ಬೇಡ ಬಿಡು. ನಾನೇ ಹೇಳ್ತೀನಿ, ಒಂದೊಂದು ಸಲಕ್ಕೆ ಮೂರು ಗಂಟೆ. ಈ ಕಾರಿಗೆ ಬೇಗ ಚಾರ್ಜ್ ಆಗೋ ಗುಣ ಇಲ್ಲ.

ಬೆರಳು ಮಡಚಬೇಡ. ಮಡಚಬೇಡ ಅಂದೆ. ತಿಂಡಿ ತಿಂದು ಹೊರಟೋನು ಕತ್ತಲಾಗೋಷ್ಟರಲ್ಲಿ ಮನೇಲಿರ್ತೀನಿ, ಆ ಲೆಕ್ಕ ಕೂಡಲ್ಲ. ಕೂಡಲ್ಲ ಅಂತ ನನಗೂ ಗೊತ್ತು.

ಅಲ್ನೋಡು, ಗಾಜಿನಾಚೆ. ಕಾರನ್ನ ಮೇಲೆತ್ತಿದ್ದಾರೆ. ಅಡಿಯಿಂದ ನೋಡಿದ್ರೂ ಎಷ್ಟು ಚೊಕ್ಕವಾಗಿದೆ. ಹೆದ್ದಾರಿ ಧೂಳು ಕುಡಿದ ಕಾರು ಹಾಗಿರಲ್ಲ. ...ಇದನ್ನ ನಾನು ಹೇಳಬಾರದಿತ್ತು.

ರಿಂಗ್ ರೋಡಿನಲ್ಲಿ, ಸೋಫಾ ಮಾರೋ ಅಂಗಡಿ ಹಿಂದೆ, ಒಂದು ಚಾರ್ಜಿಂಗ್ ಸ್ಟೇಷನ್ ಇದೆ. ನಮ್ಮ ಮನೆಯಿಂದ ಅರ್ಧ ಗಂಟೆ. ಅಲ್ಲಿರ್ತೀನಿ ನಾನು. ಶನಿವಾರ.

ಹೆಂಗಸಿನ ವಿಷಯ ಅಲ್ಲ. ಹಾಗಂದುಕೊಂಡೆಯಾ? ಅಂದುಕೊಂಡಿದ್ರೂ ಪರವಾಗಿಲ್ಲ. ಈ ವಯಸ್ಸಿಗೆ ಅದೂ ಒಂದು ಮರ್ಯಾದೆ.

ಸಿಕ್ಕಿಸಿ ಕೂತಿರ್ತೀನಿ. ಸೀಟು ಹಿಂದಕ್ಕೆ ಬಾಗಿಸಿಕೊಂಡು. ಬ್ಯಾಟರಿ ತುಂಬಿದ ಮೇಲೂ ಕೂತಿರ್ತೀನಿ. ಆಮೇಲೆ ಮನೆಗೆ ಬರೋದು. ಅಲ್ಲೇ ಎಡವಿದ್ದು ನೋಡು. ಊರ ಸುತ್ತ ಸುಮ್ನೆ ಓಡಿಸಿ ಒಂದಿಷ್ಟು ಪೆಟ್ರೋಲು ಸುಟ್ಟಿದ್ರೆ ಇವತ್ತು ಮೆಕ್ಯಾನಿಕ್ಕಿಗೆ ಹೇಳೋಕೆ ಮಾತೇ ಇರ್ತಿರಲಿಲ್ಲ. ಕರೆಂಟಿರೋವಾಗ ಪೆಟ್ರೋಲ್ ಯಾಕೆ ಅಂತ... ಸುಳ್ಳಲ್ಲೂ ಉಳಿತಾಯ ಮಾಡೋಕೆ ಹೋದೆ.

ಕೂತ್ಕೋ. ಎಲ್ರೂ ನೋಡ್ತಿದ್ದಾರೆ.

ಮೊದಲ ಸಲ ಹೋಗಿದ್ದೆ ಕಣೇ. ಅದು ನಿಜ. ನಮ್ಮ ಗುಬ್ಬಿ ಗಂಡನ ಮನೆ ಬಿಟ್ಟು, ಬ್ಯಾಗು ಹಿಡಿದು ನಮ್ಮ ಬಾಗಿಲಿಗೆ ಬಂದಿದ್ಲಲ್ಲ. "ನಾಲ್ಕು ದಿನ ಇದ್ದು ವಾಪಸ್ ಹೋಗು, ಎಲ್ಲರ ಮನೇಲೂ ಇರೋದೇ" ಅಂದೆ ನೀನು. ನಾನು ಪೇಪರ್ ಓದ್ತಿದ್ದೆ. ನಾಲ್ಕು ದಿನವೂ ಇರಲಿಲ್ಲ ಅವಳು. ನೀನು ಮಾತಾಡಿದೆ, ನಾನು ಪೇಪರ್ ಓದಿದೆ. ಅವಳಿಗೆ ಎರಡೂ ಒಂದೇ ಅನ್ನಿಸಿರಬೇಕು. ನಿನ್ನನ್ನ ದೂರ್ತಿಲ್ಲ ನಾನು.

ಆ ಊರಲ್ಲಿ ಕೆಲಸ ಹಿಡಿದಿದ್ದಾಳೆ ಅಂತ ಅವಳ ಗೆಳತಿ ಹೇಳಿದ್ಮೇಲೆ ನೀನೇ ನನ್ನನ್ನ ಕಳಿಸಿದೆ. "ನೋಡ್ಕೊಂಡು ಬನ್ನಿ, ನಾನು ಕಳಿಸಿದ್ದು ಅಂತ ಮಾತ್ರ ಹೇಳ್ಬೇಡಿ" ಅಂದೆ. ಹೋದೆ. ಮೂರನೇ ಮಹಡಿ, ಬೆಲ್ ಮಾಡಿದೆ. ಬಾಗಿಲು ತೆರೀತು, ಚೈನ್ ತೆಗೀಲಿಲ್ಲ. ಅರ್ಧ ಮುಖ ಕಾಣಿಸ್ತು. "ಇನ್ಮೇಲೆ ಬರಬೇಡಿ ಅಪ್ಪ" ಅಂದ್ಲು. ಕೋಪದಿಂದ ಅಲ್ಲ. ನಿಲ್ದಾಣದಲ್ಲಿ ಯಾರಾದ್ರೂ ಬಸ್ಸು ಹೊರಟೋಯ್ತು ಅಂತ ಹೇಳ್ತಾರಲ್ಲ, ಹಾಗೆ.

ಮನೆಗೆ ಬಂದೆ. ನೀನು ಗೇಟಲ್ಲೇ ನಿಂತಿದ್ದೆ. "ಹೇಗಿದ್ದಾಳೆ ರೀ?" ಅಂದೆ. ಚೆನ್ನಾಗಿದ್ದಾಳೆ ಅಂದೆ ನಾನು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿನ್ನ ಮಂಡಿನೋವು ಹೇಗಿದೆ ಅಂತ ಕೇಳಿದ್ಲು ಅಂದೆ. ಎಲ್ಲಿಂದ ಬಂತೋ ಆ ಮಾತು, ನನಗೂ ಗೊತ್ತಿಲ್ಲ. ಅವತ್ತು ರಾತ್ರಿ ನೀನು ಗೊರಕೆ ಹೊಡೆದೆ. ಎಷ್ಟೋ ತಿಂಗಳ ಮೇಲೆ. ನಾನು ಎದ್ದು ಕೂತು ಕೇಳಿದೆ.

ಆಮೇಲೆ ಏನು ಮಾಡಲಿ? ನೀನು ಮುಂದಿನ ಶನಿವಾರ ಯಾವಾಗ ಅಂತ ಕಾಯೋಕೆ ಶುರು ಮಾಡಿದೆ.

ಹೌದು. ಸುದ್ದಿಯೆಲ್ಲ ಅಲ್ಲೇ, ಸೋಫಾ ಅಂಗಡಿ ಹಿಂದೆ ತಯಾರಾಗಿದ್ದು. ಕಿಟಕಿಗೆ ನೀಲಿ ಪರದೆ ಹಾಕಿಸಿದ್ದು. ಅವಳ ಮ್ಯಾನೇಜರಮ್ಮ ಒಳ್ಳೆಯವಳು ಅಂದಿದ್ದು. ಆ ಮ್ಯಾನೇಜರಮ್ಮನಿಗೆ ಒಂದು ಕೆಮ್ಮು ಬೇರೆ ಕೊಟ್ಟಿದ್ದೆ, ನಿನಗೆ ನೆನಪಿರಬಹುದು. ಬರೀ ಒಳ್ಳೇ ಸುದ್ದಿ ತಂದ್ರೆ ನಿನಗೆ ಅನುಮಾನ ಬರುತ್ತೆ ಅಂತ ಒಂದು ಸಲ ಗುಬ್ಬಿಯ ಹಲ್ಲು ಕೀಳಿಸಿದೆ. ನೀನು ಮೂರು ದಿನ ಸರಿಯಾಗಿ ಊಟ ಮಾಡ್ಲಿಲ್ಲ. ಮುಂದಿನ ಸಲ ಬೇಗ ವಾಸಿ ಮಾಡಿಬಿಟ್ಟೆ.

ಸ್ವೆಟರ್ರಾ... ನೀನು ಹೆಣೆದು ಕೊಟ್ಟದ್ದು. ಅಳತೆ ಸರಿಯಾಗಿದೆ, ಬಣ್ಣ ಒಪ್ಪುತ್ತೆ ಅಂದಿದ್ದೆ. ಅದು ಸುಳ್ಳಲ್ಲ. ಚಾರ್ಜಿಂಗ್ ಸ್ಟೇಷನ್ ಕಾವಲುಗಾರನ ಹೆಂಡತಿ ಹಾಕ್ಕೋತಾಳೆ. ಅವಳಿಗೆ ಒಪ್ಪುತ್ತೆ. ತೋಳು ಒಂದಿಷ್ಟು ಉದ್ದವಾಯ್ತು ಅಂತಾಳೆ, ಮಡಚಿಕೊಂಡಿದ್ದಾಳೆ.

ಬೈಯಿ. ಪರವಾಗಿಲ್ಲ, ಎಲ್ರೂ ಕೇಳಿಸ್ಕೊಳ್ಳಲಿ. ಈ ರೂಮಿಗೆ ಈಗಾಗ್ಲೇ ಅರ್ಧ ಗೊತ್ತಾಗಿದೆ.

ಆ ಕಡೆ ತಿರುಗಬೇಡ.

ಕೈ ಹಿಡ್ಕೋ ಅಂತ ಹೇಳ್ತಿಲ್ಲ ನಾನು. ಇಲ್ಲಿ ನೋಡು ಅಂದೆ, ಅಷ್ಟೆ. ಗೋಡೆ ಮೇಲಿರೋ ಆ ಟೈರಿನ ಚಿತ್ರವನ್ನ ಎಷ್ಟು ಹೊತ್ತು ನೋಡ್ತೀಯ?

...ಆಯ್ತಾ? ಆಯ್ತಂತೆ, ಮೆಕ್ಯಾನಿಕ್ ಬಂದ. ಏನಪ್ಪಾ? ಹಾಂ. ಹಾಂ, ಸರಿ. ಪೆಟ್ರೋಲು ಪೂರಾ ಹೊಸದು. ಸರಿ. ಒಂದು ದೂರದ ಓಡಾಟ ಮಾಡಿಸಿ, ಎಂಜಿನ್ನಿಗೆ ಒಳ್ಳೇದು ಅಂತೀಯಾ. ಆಯ್ತಪ್ಪ, ಮಾಡಿಸೋಣ. ಕೀ ಇಲ್ಲಿ ಕೊಡು.

ಇವಳ ಕೈಗೆ ಕೊಟ್ಟೆಯಾ? ಆಗಲಿ.

ತಾಳು, ನಿಧಾನ. ಮೆಟ್ಟಿಲಿದೆ. ನಿನ್ನ ಮಂಡಿ... ಸರಿ, ಮಂಡಿ ಮಾತು ಬೇಡ.

ನೀನು ಓಡಿಸ್ತೀಯಾ? ಎಷ್ಟು ವರ್ಷವಾಯ್ತು ನೀನು ಸ್ಟೀರಿಂಗ್ ಹಿಡಿದು? ಇಲ್ಲ, ಬೇಡ ಅಂತಿಲ್ಲ. ನಾನು ಈ ಕಡೆ ಕೂತ್ಕೋತೀನಿ. ಸೀಟು ಮುಂದಕ್ಕೆ ಎಳ್ಕೋ, ಗುಂಡಿ ಬಲಗಡೆ. ಬ್ರೇಕ್ ಒತ್ತಿ ಆ ದೊಡ್ಡ ಗುಂಡಿ ಅದುಮು. ಸದ್ದು ಬರಲಿಲ್ಲ ಅಂತ ಗಾಬರಿಯಾಗಬೇಡ, ಶುರುವಾಗಿದೆ. ಸದ್ದು ಬರೋದು ಆಮೇಲೆ, ಐವತ್ತು ಕಿಲೋಮೀಟರ್ ದಾಟಿದ ಮೇಲೆ.

ಮನೆಗೆ ದಾರಿ ಗೊತ್ತಲ್ಲ ನಿನಗೆ, ಮ್ಯಾಪಿನ ಪರದೇಲಿ ಏನು ಹುಡುಕ್ತೀಯ?

ಓ. ಅದಾ.

ಮೊದಲ ಸಲ ಹೋದಾಗ ನೀನೇ ಹೇಳಿ ಬರೆಸಿದ್ದ ವಿಳಾಸ. ಗುಬ್ಬಿ ಮನೆ ಅಂತ ಹೆಸರು ಕೊಟ್ಟು ಇಟ್ಟಿದ್ದೆ. ಅಳಿಸೋಕಾಗ್ಲಿಲ್ಲ.

ಅದನ್ನ ಒತ್ತಬೇಡ. ಕೇಳು... ಒಂದು ಮಾತು ಬಿಟ್ಟಿದ್ದೆ. ಎರಡನೇ ಸಲಾನೂ ಹೋಗಿದ್ದೆ ನಾನು. ಬರಬೇಡಿ ಅಂದ್ರೂ ಹೋಗಿದ್ದೆ. ಚೈನ್ ಇರಲಿಲ್ಲ, ಬಾಗಿಲು ಪೂರ್ತಿ ತೆಗೆದ್ರು. ಯಾರೋ ಹೆಂಗಸು, ಕಂಕುಳಲ್ಲಿ ಮಗು. ಹೋದ ವಾರವೇ ಖಾಲಿ ಮಾಡಿದ್ರಲ್ಲ ಅಂದ್ಲು. ಎಲ್ಲಿಗೆ ಅಂತ ಅವಳಿಗೂ ಗೊತ್ತಿಲ್ಲ, ಮನೆ ಓನರಿಗೂ ಗೊತ್ತಿಲ್ಲ. ಗೆಳತಿ ಫೋನ್ ಎತ್ತಲ್ಲ. ಕೆಲಸದ ಜಾಗದಲ್ಲಿ ಕೇಳಿದೆ, ಬಿಟ್ಟಳು ಅಂದ್ರು. ಗುಬ್ಬಿ ಎಲ್ಲಿದ್ದಾಳೆ ಅಂತ ನನಗೆ ಗೊತ್ತಿಲ್ಲ ಕಣೇ. ಆವತ್ತಿನಿಂದ ಗೊತ್ತಿಲ್ಲ. ಆ ವಿಳಾಸದಲ್ಲಿ ಯಾರೂ ಇಲ್ಲ.

ಕೈ ತೆಗಿ. ಕೇಳಿಸ್ತಾ ನಿನಗೆ? ಯಾರೂ ಇಲ್ಲ ಅಲ್ಲಿ.

...ಒತ್ತಿದೆಯಾ.

ಸರಿ. ಗೇಟಿನಾಚೆ ಎಡಕ್ಕೆ ತಿರುಗು, ಹೆದ್ದಾರಿಗೆ.